ಕೊಲೆಗಾರನ ಹೆಸರು ಕೂಗಿ ಹೇಳುವ ಅತ್ತೆ

ನೀವು ಯಾರನ್ನಾದರೂ ಕೊಲೆ ಮಾಡಿದ್ದರೆ ದಯವಿಟ್ಟು ನಮ್ಮತ್ತೆಗೆ ಮಾತ್ರ ತಿಳಿಯಗೊಡಬೇಡಿ. ತಿಳಿಯಿತೋ, ಐದೇ ನಿಮಿಷದಲ್ಲಿ ಚೆನ್ನೈನ ಅಣ್ಣಾ ನಗರದ ಅರ್ಧ ಜನಕ್ಕೆ ನಿಮ್ಮ ಹೆಸರು ಗೊತ್ತಾಗಿರುತ್ತದೆ. ಉಳಿದರ್ಧ ಜನಕ್ಕೆ ಗೊತ್ತಾಗದೆ ಹೋದರೆ ಅದು ಅವರ ಕಿವಿಯ ದೋಷವೇ ಹೊರತು ಅತ್ತೆಯ ಗಂಟಲಿನ ದೋಷವಲ್ಲ!

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ, ನಮ್ಮ ತಂದೆಯ ತಂಗಿ. ಎಪ್ಪತ್ತನಾಲ್ಕು ವರ್ಷ. ಮೂವತ್ತೈದು ವರ್ಷ ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಕುಳಿತು, ಸತ್ತವರೆಲ್ಲ ನಿಜವಾಗಿಯೂ ಸತ್ತಿದ್ದಾರೆಯೇ ಎಂದು ಅನುಮಾನ ಪಟ್ಟು ಸಂಬಳ ತೆಗೆದುಕೊಂಡವರು. ಮಕ್ಕಳಿಲ್ಲ. ನಾಲ್ಕು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಕೋಡಂಬಾಕ್ಕಂ ಮನೆ ಖಾಲಿ ಮಾಡಿ ನಮ್ಮ ಜೊತೆ ಇರಲು ಬಂದರು. ಬರುವಾಗ ತಂದದ್ದು ಎರಡು ಸೂಟ್‌ಕೇಸು, ಒಂದು ಹಿತ್ತಾಳೆಯ ಕಾಫಿ ಫಿಲ್ಟರು, ಮಾವನದೊಂದು ದೊಡ್ಡ ಫೋಟೋ ಮತ್ತು ಕೋಡಂಬಾಕ್ಕಂನ ಒಂದು ಲೆಂಡಿಂಗ್ ಲೈಬ್ರರಿಯ ಸದಸ್ಯತ್ವ. ಫೋಟೋ ನಮ್ಮ ಹಾಲಿನ ಗೋಡೆ ಏರಿತು. ಲೈಬ್ರರಿ ನಮ್ಮ ತಲೆಯ ಮೇಲೆ ಏರಿ ಕೂತಿತು.

ಮಾವ ಬಹಳ ಮೆತ್ತನೆಯ ಮನುಷ್ಯ. ಕಿವಿ ದೂರ. ಅವರ ಜೊತೆ ನಲವತ್ತೆಂಟು ವರ್ಷ ಸಂಸಾರ ಮಾಡಿದ್ದರಿಂದ ಅತ್ತೆಯ ಮಾಮೂಲಿ ದನಿಯೇ ನಮ್ಮ ಕೂಗು. ಅವರ ಕೂಗು ಎಂಥದ್ದಿರಬಹುದು, ನೀವೇ ಊಹಿಸಿಕೊಳ್ಳಿ.

ಇಂಥ ಅತ್ತೆ ಓದುವುದು ಒಂದೇ ಒಂದು ಪತ್ತೇದಾರಿ ಸರಣಿ. ಎಲ್ಲೋ ದೂರದೇಶದ ಒಂದು ಪುಟ್ಟ ಊರು. ಒಂದು ಹೊಳೆ, ಒಂದು ಚರ್ಚು, ಒಂದು ಬೇಕರಿ, ಒಬ್ಬ ಪೋಸ್ಟ್‌ಮಾಸ್ಟರು, ಒಬ್ಬ ದಡ್ಡ ಪೊಲೀಸು. ಅಲ್ಲಿ ಗುಂಡಿ, ದಾರ, ಲೇಸು ಮಾರುವ ಅಂಗಡಿಯಾಕೆಯೊಬ್ಬಳಿದ್ದಾಳೆ. ಪ್ರತಿ ಪುಸ್ತಕದಲ್ಲೂ ಊರಿನವರೊಬ್ಬರು ಸಾಯುತ್ತಾರೆ, ಪೊಲೀಸು ತಪ್ಪದೆ ತಪ್ಪು ಮನುಷ್ಯನನ್ನು ಹಿಡಿಯುತ್ತಾನೆ, ಆಕೆ ಅಂಗಡಿಯಲ್ಲಿ ಕೂತು ಗುಂಡಿ ಹೊಲಿಯುತ್ತಲೇ ನಿಜವಾದವರನ್ನು ಹಿಡಿಯುತ್ತಾಳೆ. ರಕ್ತ ಅಷ್ಟಾಗಿ ಕಾಣಿಸುವುದಿಲ್ಲ, ಟೀ ಮಾತ್ರ ಧಾರಾಳ. ಹೀಗೆ ಒಟ್ಟು ಇಪ್ಪತ್ತಮೂರು ಪುಸ್ತಕಗಳು! ಅಷ್ಟು ಚಿಕ್ಕ ಊರಿನಲ್ಲಿ ಅಷ್ಟು ಕೊಲೆಯಾದರೂ ಒಬ್ಬರಾದರೂ ಮನೆ ಬದಲಾಯಿಸುವುದು ಬೇಡವೇ? ನಾನು ಹಾಗೆಂದಾಗ ಅತ್ತೆ, "ಸ್ವಂತ ಮನೆ ಇರೋವ್ರು ಯಾಕೆ ಹೋಗ್ತಾರೆ? ಒಳ್ಳೆ ಕಾವೇರಿ ಥರ ಹೊಳೆ ಬೇರೆ ಇದೆ" ಎಂದರು. ಬೇಸಿಗೆಯಲ್ಲಿ ನೀರಿನ ಲಾರಿಗೆ ಕಾದು ಕಾದು ಸುಸ್ತಾಗಿರುವ ಚೆನ್ನೈನವರ ಲೆಕ್ಕಾಚಾರವೇ ಬೇರೆ. ನೀರಿದ್ದರೆ ಕೊಲೆಯನ್ನೂ ಸಹಿಸಿಕೊಂಡಾರು.

ಆ ಊರಿನ ಹೆಸರು ನಾಲಿಗೆಯ ಮೇಲೆ ಹೊರಳುವಂಥದ್ದಲ್ಲ. ಆದ್ದರಿಂದ ಅತ್ತೆ ಅದನ್ನು 'ನಮ್ಮೂರು' ಎಂದುಬಿಟ್ಟಿದ್ದಾರೆ. ಚರ್ಚಿನ ಪಾದ್ರಿ ಅವರ ಬಾಯಲ್ಲಿ 'ಆಚಾರ್ಯರು'. ಒಂದು ದಿನ ಮೈಸೂರಿನಿಂದ ನಮ್ಮ ದೊಡ್ಡಪ್ಪನ ಮಗಳು ಫೋನ್ ಮಾಡಿದಾಗ ಅತ್ತೆ ಭಾರವಾದ ದನಿಯಲ್ಲಿ, "ಏನ್ ಹೇಳ್ಲಿ ಕಣೇ, ನಮ್ಮೂರಲ್ಲಿ ಆಚಾರ್ಯರು ಹೋಗ್ಬಿಟ್ರು" ಎಂದರು. ಆ ಕಡೆ ಫೋನ್ ಕಟ್ಟಾಯಿತು. ಕಾಲು ಗಂಟೆಯ ಮೇಲೆ ಮತ್ತೆ ಬಂತು. ಪಾಪ, ಅಕ್ಕ ತಲೆಯ ಮೇಲೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ನಿಂತು, "ಅತ್ತೆ, ನಮಗೆ ಮೂರು ದಿನದ ಸೂತಕವೋ ಹತ್ತು ದಿನದ್ದೋ?" ಎಂದು ಕೇಳುತ್ತಿದ್ದಳು!

"ಸೂತಕ ಯಾಕೆ? ಇನ್ನೂ ಎಂಬತ್ತು ಪೇಜಿದೆ. ನಾಳೆ ಮಾಡಿದವನು ಸಿಕ್ತಾನೆ" ಎಂದರು ಅತ್ತೆ. ಅಕ್ಕ ಒಂದು ತಿಂಗಳು ನಮ್ಮ ಮನೆಗೆ ಫೋನ್ ಮಾಡಲಿಲ್ಲ.

ಇದನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಒಂದಿದೆ. ಆ ಸರಣಿಯ ಹುಚ್ಚು ನನಗೂ ಹಿಡಿಯಿತು. ನಾನು ಪೆರುಂಗುಡಿಯ ಆಫೀಸಿಗೆ ಹೋಗಿಬರುವವಳು. ಆಲಂದೂರಿನವರೆಗೆ ಮೆಟ್ರೋ, ಅಲ್ಲಿಂದ ಆಫೀಸಿನ ಬಸ್ಸು. ಇಡೀ ದಿನದಲ್ಲಿ ನನ್ನದು ಅಂತ ಇರುವುದು ಆ ಪ್ರಯಾಣದ ಹೊತ್ತು ಮಾತ್ರ. ಅತ್ತೆ ಓದಿ ಮುಗಿಸಿದ ಪುಸ್ತಕವನ್ನು ಲೈಬ್ರರಿಗೆ ವಾಪಸ್ ಕೊಡುವ ಮೊದಲು ನಾನು ಓದಿಕೊಳ್ಳುವುದೆಂದು ಒಪ್ಪಂದವಾಯಿತು. ಆದರೆ ಓದುವುದೇನನ್ನು? ಕೊನೆಯ ಪುಟ ಮುಗಿದ ಕ್ಷಣವೇ ಅತ್ತೆ ಕುರ್ಚಿಯಿಂದ ಎದ್ದು, ಹಾಲಿನ ನಟ್ಟನಡುವೆ ನಿಂತು, ನಮ್ಮ ಯಾರ ಮುಖವನ್ನೂ ನೋಡದೆ, ಗೋಡೆಯ ಕಡೆ ತಿರುಗಿ ಕೂಗುತ್ತಾರೆ:

"ಪೋಸ್ಟ್‌ಮಾಸ್ಟ್ರು ಮಾಡಿದ್ದು! ಪೋಸ್ಟ್‌ಮಾಸ್ಟ್ರು!"

ಮುಗಿಯಿತು. ಮುನ್ನೂರು ಪುಟದ ಕಾದಂಬರಿ ನನ್ನ ಪಾಲಿಗೆ ಮೂರು ಪದವಾಯಿತು. ಮರುದಿನ ಮೆಟ್ರೋದಲ್ಲಿ ಪುಸ್ತಕ ತೆರೆದರೆ ಮೊದಲನೆಯ ಅಧ್ಯಾಯದಲ್ಲೇ ಪೋಸ್ಟ್‌ಮಾಸ್ಟರು ನಗುನಗುತ್ತಾ ಕಾಗದ ಹಂಚುತ್ತಿರುತ್ತಾನೆ. ಅವನ ನಗು ನೋಡಿದರೆ ಮೈ ಉರಿಯುತ್ತದೆ!

ನನ್ನ ಮಗಳದ್ದೂ ಇದೇ ಗೋಳು. ಕಾಲೇಜಿಗೆ ಹೋಗುವ ಹುಡುಗಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವುದು ಅವಳ ಹುಟ್ಟುಗುಣ. ಅತ್ತೆಯ ಕೈಯಲ್ಲಿ ಪುಟಗಳು ತೆಳ್ಳಗಾಗುತ್ತಾ ಬಂದಂತೆ ಅವಳು, "ಪಾಟಿ, ಪ್ಲೀಸ್, ಸೊಲ್ಲಾದೀಂಗೊ! ಹೇಳ್ಬಿಟ್ರೆ ಐ ವಿಲ್ ಕ್ರೈ!" ಎಂದು, ಅಂದರೆ ಹೇಳಬೇಡಿ ಅಜ್ಜಿ ಎಂದು, ಅಂಗಲಾಚುತ್ತಾಳೆ. ಆ ಅರ್ಧ ವಾಕ್ಯದ ಕನ್ನಡ ಕೂಡ ಅತ್ತೆಯ ಮನಸ್ಸು ಕರಗಿಸಲೆಂದೇ. ಕರಗಲಿಲ್ಲ.

ಒಂದು ಭಾನುವಾರ ನಾನು ಉಪಾಯ ಮಾಡಿದೆ. ಇನ್ನು ಹತ್ತು ಪುಟ ಉಳಿದಿವೆ ಎಂದು ಕಂಡಾಗ ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಯವರೆಗೆ ಹೋಗಿ, ಬೇಡದ ಕೊತ್ತಂಬರಿ ಸೊಪ್ಪು ಕೊಂಡು, ಬೇಡದವರ ಜೊತೆ ಮಾತಾಡಿ, ಮುಕ್ಕಾಲು ಗಂಟೆ ಬಿಟ್ಟು ಬಂದೆ. ಗೇಟಿನಲ್ಲಿ ನಮ್ಮ ವಯಸ್ಸಾದ ವಾಚ್‌ಮನ್ ಎದ್ದು ಸಲಾಮು ಹೊಡೆದು ಮೆಲ್ಲಗೆ, "ಡಾಕ್ಟರ್ ಪೊಂಡಾಟ್ಟಿ ದಾನಾಂ, ಮೇಡಂ" ಎಂದ. ಕೊಲೆ ಮಾಡಿದ್ದು ಡಾಕ್ಟರ ಹೆಂಡತಿಯೇ ಅಂತೆ! ಆ ಮನುಷ್ಯ ಒಂದು ಪುಟ ಓದಿದವನಲ್ಲ. ನಮ್ಮ ಎರಡನೆಯ ಮಹಡಿಯಿಂದ ಬಂದ ಸುದ್ದಿಯನ್ನು ನಿಷ್ಠೆಯಿಂದ ತಲುಪಿಸಿದ, ಅಷ್ಟೆ.

ಅವತ್ತು ನಾನು ಕೂಗಾಡಿಬಿಟ್ಟೆ. "ಅತ್ತೆ, ಒಂದೇ ಒಂದು ಸಲ, ಗೊತ್ತಾದದ್ದನ್ನ ಹೊಟ್ಟೇಲಿ ಇಟ್ಕೊಳ್ಳಕ್ಕೆ ಆಗಲ್ವಾ ನಿಮಗೆ?"

"ಆಗಲ್ಲ" ಎಂದರು. "ಗೊತ್ತಿದ್ದೂ ಹೇಳ್ದೆ ಇಟ್ಕೊಳೋದು ಪಾಪ ಕಣೆ." ಇಷ್ಟು ಹೇಳಿ ಸೊಪ್ಪು ಬಿಡಿಸತೊಡಗಿದರು. ಗರುಡ ಪುರಾಣದಲ್ಲಿ ಇಂಥದ್ದೊಂದು ಪಾಪ ಇದೆಯೆಂದು ನಾನಂತೂ ಕೇಳಿಲ್ಲ.

ಸರಿ, ಬಾಯಿಗಾದರೆ ಬೀಗವಿಲ್ಲ, ಪತ್ತೇದಾರಿಕೆಯಾದರೂ ಪುಸ್ತಕದೊಳಗೇ ಇರಬಾರದೇ? ಹೋದ ಏಪ್ರಿಲ್‌ನಲ್ಲಿ ಅತ್ತೆ ತಾರಸಿಯ ಮೇಲೆ ಬಿಸಿಲಿಗೆ ಹಾಕಿದ ಅಕ್ಕಿ ಸಂಡಿಗೆಯಲ್ಲಿ ಒಂದು ಮೂಲೆ ಬೋಳಾಗಿತ್ತು. ಕಾಗೆ ಎಂದು ನಾನಂದೆ. "ಕಾಗೆ ಸಾಲಾಗಿ ತಿನ್ನಲ್ಲ" ಎಂದರು. ಅಲ್ಲಿಂದ ತನಿಖೆ ಶುರು. ಆ ಗುಂಡಿಯಂಗಡಿಯಾಕೆ ಪ್ರತಿ ಪುಸ್ತಕದ ಕೊನೆಗೂ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ಗುಟ್ಟು ಬಿಚ್ಚುತ್ತಾಳಲ್ಲ, ಅತ್ತೆಯೂ ಹನ್ನೆರಡು ಫ್ಲಾಟಿನವರನ್ನು ಕಾಫಿಗೆಂದು ನಮ್ಮ ಹಾಲಿಗೆ ಕರೆದರು. ಎದುರುಮನೆ ಮಾಮಿ, ಅಸೋಸಿಯೇಷನ್ ಸೆಕ್ರೆಟರಿ, ಎಲ್ಲರೂ ಬಂದರು. ಬಿಟ್ಟಿ ಫಿಲ್ಟರ್ ಕಾಫಿಗೆ ಬಾರದವರುಂಟೇ?

ಅತ್ತೆ ನಡುವೆ ನಿಂತು, ಎಲ್ಲರ ಮುಖ ಒಂದೊಂದಾಗಿ ನೋಡಿ, ತಮಿಳಿನಲ್ಲಿ ಶಾಂತವಾಗಿ ಹೇಳಿದರು: "ಸಂಡಿಗೆ ಕದ್ದವರು ಈ ಕೋಣೆಯಲ್ಲೇ ಇದ್ದಾರೆ. ಅವರ ತುಟಿಯ ಮೇಲೆ ಇನ್ನೂ ಜೀರಿಗೆ ಅಂಟಿದೆ."

ನಾನು ಬಾಯಿ ಒರೆಸಿಕೊಂಡೆ.

ಏನು ಮಾಡಲಿ, ಅರ್ಧ ಒಣಗಿದ ಸಂಡಿಗೆ ಕಂಡರೆ ನನಗೆ ವಯಸ್ಸು ಮರೆಯುತ್ತದೆ! ಆಫೀಸಿನಲ್ಲಿ ಹದಿನಾಲ್ಕು ಜನರ ಮೇಲೆ ಮ್ಯಾನೇಜರ್ ಆಗಿರುವ ನಾನು, ನಲವತ್ತೇಳು ವರ್ಷದವಳು, ಹನ್ನೆರಡು ಮನೆಯವರ ಮುಂದೆ ಸಂಡಿಗೆಗಳ್ಳಿಯಾದೆ. ಸೆಕ್ರೆಟರಿ ಚಪ್ಪಾಳೆ ಬೇರೆ ತಟ್ಟಿದರು. ಆಮೇಲೆ ಅತ್ತೆ ನನಗೆ ಇನ್ನೊಂದು ಲೋಟ ಕಾಫಿ ಕೊಡುತ್ತಾ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಗಾದೆ ಆ ಗುಂಡಿಯಂಗಡಿಯವಳಿಗೆ ಗೊತ್ತಿದ್ದಿದ್ರೆ, ಇಪ್ಪತ್ಮೂರು ಪುಸ್ತಕ ಯಾಕೆ ಬೇಕಾಗ್ತಿತ್ತು?" ಎಂದರು.

ಇಷ್ಟು ಚುರುಕಾದ ಅತ್ತೆಗೆ ಕಣ್ಣು ಮಾತ್ರ ಕೈಕೊಡುತ್ತಿತ್ತು. ಎಡಗಣ್ಣಿಗೆ ಪೊರೆ ಬಂದು ಬಲಿತಿತ್ತು, ಬಲಗಣ್ಣೂ ಅದರ ಹಿಂದೆಯೇ ಹೊರಟಿತ್ತು. ಭೂತಗನ್ನಡಿ ಹಿಡಿದು ಓದತೊಡಗಿದರು. ಕಾಫಿಗೆ ಸಕ್ಕರೆಯ ಬದಲು ರವೆ ಬಿತ್ತು. ಒಂದು ಬೆಳಿಗ್ಗೆ ಕೊನೆಯ ಮೆಟ್ಟಿಲು ಕಾಣದೆ ಮುಗ್ಗರಿಸಿ ಮೊಣಕೈ ತರಚಿಕೊಂಡರು. ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅಲ್ಲಿ ಅತ್ತೆ ಗೋಡೆಯ ಮೇಲಿನ ಅಕ್ಷರಗಳನ್ನು ಮೇಲಿನಿಂದ ಕೆಳಗಿನವರೆಗೆ ಗಡಗಡನೆ ಒಪ್ಪಿಸಿದರು. ಡಾಕ್ಟರಿಗೆ ಆಶ್ಚರ್ಯ. ಗುಟ್ಟೇನೆಂದರೆ, ತಮಗಿಂತ ಮೊದಲಿನ ಸರದಿಯವರು ಓದುವಾಗ ಬಾಗಿಲ ಹೊರಗೆ ನಿಂತು ಕೇಳಿ ಬಾಯಿಪಾಠ ಮಾಡಿದ್ದರು! ಡಾಕ್ಟರು ನಕ್ಕು ಬೇರೆ ಹಲಗೆ ಹಾಕಿದರೆ, "ಇದು ಪಾಠದಲ್ಲೇ ಇರ್ಲಿಲ್ವಲ್ಲ" ಎಂದು ಅವರ ಮೇಲೇ ರೇಗಿದರು.

"ತಡ ಮಾಡಬೇಡಿ. ಬಿಟ್ಟಷ್ಟೂ ಕಷ್ಟ, ಬಿದ್ದು ಸೊಂಟ ಮುರಿದುಕೊಂಡರೆ ಇನ್ನೂ ಕಷ್ಟ" ಎಂದರು ಡಾಕ್ಟರು.

"ಈ ಪುಸ್ತಕ ಒಂದು ಮುಗೀಲಿ" ಎಂದರು ಅತ್ತೆ.

ಮುಗಿಯುವುದೆಂದರೇನು? ಒಂದರ ಕೊನೆಯ ಪುಟ ಮುಗಿಸಿ, ಹೆಸರು ಕೂಗಿ, ಕೂತ ಜಾಗದಲ್ಲೇ ಮುಂದಿನದರ ಮೊದಲ ಪುಟ ತೆರೆಯುವವರು ಅವರು. ನಡುವೆ ಒಂದು ಲೋಟ ನೀರು ಕುಡಿಯುವಷ್ಟೂ ಬಿಡುವಿಲ್ಲ. ಮೂರು ಸಲ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿದೆ, ಮೂರು ಸಲವೂ ಅರ್ಧ ಓದಿದ ಪುಸ್ತಕ ಅಡ್ಡ ಬಂತು. "ಅರ್ಧ ಓದಿಟ್ಟು ಆಸ್ಪತ್ರೆಗೆ ಹೋಗಕ್ಕೆ ನಾನು ಒಲ್ಲೆ" ಎಂಬುದೊಂದೇ ಮಾತು. ಹದಿನಾರನೆಯದು ಮುಗಿಯುವ ದಿನ ಹದಿನೇಳನೆಯದನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟೆ. ಅತ್ತೆ ಮನೆಯೆಲ್ಲ ಒಂದು ಸುತ್ತು ಬಂದು, ನನ್ನ ಸೀರೆಯ ಸೆರಗಿನಲ್ಲಿ ಅಕ್ಕಿಯ ನುಚ್ಚು ನೋಡಿ, ನೇರ ಡಬ್ಬಕ್ಕೆ ಕೈ ಹಾಕಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಕಣ್ಣು ಕಾಣದವರಿಗೆ ನುಚ್ಚು ಹೇಗೆ ಕಂಡಿತು ಎಂದು ಮಾತ್ರ ಕೇಳಬೇಡಿ!

ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕುತ್ತಿದ್ದೆ. ಕೊನೆಗೆ ನನಗೆ ಸೋಲದ ಅತ್ತೆ ಕಣ್ಣಿಗೆ ಸೋತರು. ಹದಿನೇಳನೆಯದರಲ್ಲಿ ಮೂರು ಅಧ್ಯಾಯ ಉಳಿದಿರುವಾಗ ಭೂತಗನ್ನಡಿಯಲ್ಲೂ ಸಾಲಿಗೆ ಸಾಲು ಅಂಟಿಕೊಂಡು ಓಡತೊಡಗಿತು. ನಾನು ಓದಿ ಹೇಳುತ್ತೇನೆಂದೆ. "ನೀನು ಓದಿದ್ರೆ ನನಗೆ ನಿದ್ದೆ ಬರುತ್ತೆ" ಎಂದರು. ಎರಡು ದಿನ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಮೂರನೆಯ ದಿನ, "ದಿನ ನೋಡು" ಎಂದರು. ಆ ಮಾತು ಹೇಳುವಾಗ ಅವರ ದನಿ ಎಲ್ಲರ ದನಿಯಷ್ಟೇ ಇತ್ತು.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಹಾಕಿ ಎರಡು ಗಂಟೆ ಕೂರಿಸಿದರು. ಪುಸ್ತಕ ನನ್ನ ಬ್ಯಾಗಿನಲ್ಲಿತ್ತು. ಹಿಂದಿನ ಹದಿನಾಲ್ಕು ಅಧ್ಯಾಯಗಳನ್ನು ದಿನ ಗೊತ್ತಾದ ಮೇಲೆ ಮೆಟ್ರೋದಲ್ಲಿ ಓದಿದ್ದೆ. ಉಳಿದ ಮೂರನ್ನು ಅತ್ತೆಯ ಪಕ್ಕದಲ್ಲೇ ಕೂತು ಓದಿ ಮುಗಿಸಿದೆ. ಆಹಾ! ನಾಲ್ಕು ವರ್ಷದಲ್ಲಿ ಮೊದಲ ಸಲ, ಯಾರೂ ಕೂಗಿ ಹೇಳದೆ, ಕೊಲೆಗಾರ ಯಾರೆಂದು ನಾನೇ ಕಂಡುಕೊಂಡೆ. ಅದಕ್ಕಿಂತ ದೊಡ್ಡ ಸುಖವೆಂದರೆ, ಅದು ಅತ್ತೆಗೆ ಗೊತ್ತಿಲ್ಲ!

ನರ್ಸು ಹಸಿರು ಟೋಪಿ ಹಾಕಿ, ಗಾಲಿಕುರ್ಚಿಯಲ್ಲಿ ಕೂರಿಸಿದಳು. ಪುಸ್ತಕ ಮುಚ್ಚಿದ ಸದ್ದು ಅತ್ತೆಗೆ ಕೇಳಿಸಿರಬೇಕು.

"ಮುಗೀತಾ? ಯಾರೇ ಅದು?"

ಪೋಸ್ಟ್‌ಮಾಸ್ಟರು, ಡಾಕ್ಟರ ಹೆಂಡತಿ, ವಾಚ್‌ಮನ್ನಿನ ಸಲಾಮು, ಎಲ್ಲ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೇ? ಕಾಲ ಮೇಲೆ ಕಾಲು ಹಾಕಿ, ರಾಗವಾಗಿ ಹೇಳಿದೆ: "ಒಳಗೆ ಹೋಗಿ ಆಪರೇಷನ್ ಮಾಡಿಸ್ಕೊಂಡು ಬನ್ನಿ ಅತ್ತೆ. ಆಮೇಲೆ ಹೇಳ್ತೀನಿ."

ಅತ್ತೆ ಬೈಯಲಿಲ್ಲ. ಕೈ ಚಾಚಿ, ತಡಕಾಡಿ, ನನ್ನ ಮಣಿಕಟ್ಟು ಹಿಡಿದುಕೊಂಡರು.

"ನಾನೂ ಹೀಗೇ ಅಂದಿದ್ದೆ ಕಣೆ."

ನನಗೆ ಅರ್ಥವಾಗಲಿಲ್ಲ.

"ನಿಮ್ಮಾವ ಓದ್ತಿದ್ದದ್ದು ಇದರಲ್ಲಿ ಮೊದಲನೇದು. ಎದೆಗೆ ಆಪರೇಷನ್ ಅಂತ ಕರ್ಕೊಂಡು ಹೋದಾಗ ಎರಡು ಅಧ್ಯಾಯ ಬಾಕಿ ಇತ್ತು. ಕಾಯ್ತಾ ಕೂತಿದ್ದಾಗ ನಾನು ಓದಿ ಮುಗಿಸ್ದೆ. ಒಳಗೆ ತಳ್ಕೊಂಡು ಹೋಗ್ತಾ ಇರೋವಾಗ ಕೇಳಿದ್ರು, ಯಾರೇ ಮಾಡಿದ್ದು ಅಂತ. ನಾನು, ಹೊರಗೆ ಬನ್ನಿ, ಆಮೇಲೆ ಹೇಳ್ತೀನಿ ಅಂದೆ. ಆ ಆಸೆಗಾದ್ರೂ ಬರ್ಲಿ ಅಂತ ಅಂದೆ ಕಣೆ."

ಮಾವ ಹೊರಗೆ ಬಂದಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು. ಈ ಮಾತೊಂದು ಗೊತ್ತಿರಲಿಲ್ಲ.

ಪುಟ್ಟ ಊರಿನ ಹದಿನೇಳು ಕೊಲೆಗಳನ್ನು ಓದಿದ ಮಹಾ ಜಾಣೆ ನಾನು. ಪ್ರತಿ ಸಲವೂ ಅತ್ತೆ ನಮ್ಮ ಮುಖ ನೋಡದೆ ಗೋಡೆಯ ಕಡೆ ತಿರುಗುತ್ತಿದ್ದರು, ಆ ಗೋಡೆಯ ಮೇಲೆ ಮಾವನ ಫೋಟೋ ಇತ್ತು, ಮಾವನಿಗೆ ಕಿವಿ ದೂರ. ನಾಲ್ಕು ವರ್ಷ ಇಷ್ಟೂ ನನ್ನ ಕಣ್ಣೆದುರಿಗೇ ಇತ್ತು. ಪೊರೆ ಬಂದದ್ದು ಯಾರ ಕಣ್ಣಿಗೆ? ನನಗೆ ನನ್ನ ಮೇಲೆ ತುಂಬಾ ನಾಚಿಕೆಯಾಯಿತು, ಅಳುವೂ ಬಂತು.

ನರ್ಸು ಗಾಲಿಕುರ್ಚಿ ತಳ್ಳಿದಳು. ಮಣಿಕಟ್ಟು ಬಿಟ್ಟುಹೋಯಿತು. ಆಪರೇಷನ್ ಕೋಣೆಯ ಬಾಗಿಲು ತೆರೆಯಿತು. ನಾನು ಎದ್ದು ನಿಂತು, ಅಷ್ಟು ಜನರ ನಡುವೆ, ಅತ್ತೆಯ ದನಿಯಲ್ಲೇ ಕೂಗಿದೆ:

"ಬೇಕರಿಯವನ ತಂಗಿ, ಅತ್ತೆ! ಬೇಕರಿಯವನ ತಂಗಿ ಮಾಡಿದ್ದು!"

ಎದುರು ಬೆಂಚಿನಲ್ಲಿ ಒಂದೊಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದವರೆಲ್ಲ ಉಳಿದ ಕಣ್ಣಿನಲ್ಲಿ ನನ್ನನ್ನೇ ನೋಡಿದರು. ಹಸಿರು ಟೋಪಿ ಈ ಕಡೆ ತಿರುಗಿತು. ಅತ್ತೆಯ ಮುಖ ಪೂರ್ತಿ ಅರಳಿತ್ತು.

"ನಾನು ಐದನೇ ಅಧ್ಯಾಯದಲ್ಲೇ ಅಂದ್ಕೊಂಡೆ!" ಎಂದು ಅಲ್ಲಿಂದಲೇ ಕೂಗಿದರು. "ಮನೆಗೆ ಫೋನ್ ಮಾಡಿ ಅವರಿಗೂ ಹೇಳ್ಸಿಬಿಡೇ!"

ಅರ್ಧ ಗಂಟೆಯ ಮೇಲೆ ಅವರು ಕಣ್ಣಿನ ಮೇಲೆ ಪ್ಲಾಸ್ಟಿಕ್ ಬಟ್ಟಲು ಅಂಟಿಸಿಕೊಂಡು ಹೊರಗೆ ಬಂದು, "ಹದಿನೆಂಟನೇದು ಎಲ್ಲಿ?" ಎಂದು ಕೇಳಿದ್ದು, ಡಾಕ್ಟರಿಂದ ಬೈಸಿಕೊಂಡದ್ದು, ಎಲ್ಲ ಆಮೇಲಿನ ಮಾತು. ಬಾಗಿಲು ಮುಚ್ಚಿದ ಕೂಡಲೇ ನಾನು ಮಗಳಿಗೆ ಫೋನ್ ಮಾಡಿದೆ. ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ಹದಿನೇಳನೆಯದನ್ನು ಅವಳಿನ್ನೂ ಓದಿರಲಿಲ್ಲ, ಆದರೂ ಈ ಸಲ 'ಸೊಲ್ಲಾದೀಂಗೊ' ಅನ್ನಲಿಲ್ಲ. ಆ ಕಡೆ ಕುರ್ಚಿ ಸರಿಸಿದ ಸದ್ದು, ಹಾಲಿನ ಕಡೆ ನಡೆದ ಸದ್ದು. ಹುಟ್ಟಿದಂದಿನಿಂದ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟ ನನ್ನ ಮಗಳು, ಕಿವಿ ದೂರವಾದವರಿಗೂ ಕೇಳುವ ಹಾಗೆ ಕೂಗಿದಳು:

"ತಾತಾ! ಬೇಕರಿಯವನ ತಂಗಿ ಮಾಡಿದ್ದಂತೆ! ಅಜ್ಜಿ ಹೇಳಿ ಕಳ್ಸಿದ್ದಾರೆ!"